ಮೋತ್ಯಾನ ಬೆನ್ನಿನ ಸುಳಿ

ನಾನು ಬರೆದ ಮೊದಲ ಬೆಕ್ಕು ತಲೆದಿಂಬಿನ ಹಾಗೆ ಬಂತು. ಎರಡನೆಯದಕ್ಕೆ ಮೀಸೆ ಚೆನ್ನಾಗಿ ಬಂದವು, ಬೆಕ್ಕು ಮಾತ್ರ ದಿಂಬಾಗಿಯೇ ಉಳಿಯಿತು. ಆಮೇಲೆ ಒಂದು ನಾಯಿ ಬರೆದೆ. ನಮ್ಮವ್ವ ಕನ್ನಡಕ ಹಾಕಿಕೊಂಡು ಬಂದು, ಬಹಳ ಹೊತ್ತು ನೋಡಿ, "ಕುರಿ ಚಲೋ ಬಂದೈತಿ" ಅಂದಳು. ಎರಡು ದಿನ ಅವಳ ಜೊತೆ ಮಾತು ಬಿಟ್ಟೆ.

ನನ್ನ ಹೆಸರು ಆಮ್ರಪಾಲಿ. ವಯಸ್ಸು ನಲವತ್ಮೂರು. ತಿಕೋಟಾದ ಒಂದು ಹೈಸ್ಕೂಲಿನಲ್ಲಿ ಕ್ಲರ್ಕು. ವಿಜಯಪುರದ ಜಲನಗರದಲ್ಲಿ ಅವ್ವನ ಜೊತೆ ಇದ್ದೇನೆ, ದಿನಾ ಬಸ್ಸಿನಲ್ಲಿ ಓಡಾಡುತ್ತೇನೆ. ಎಣ್ಣೆಬಣ್ಣದ ಹುಚ್ಚು ಹಿಡಿದದ್ದು ಎರಡು ವರ್ಷದ ಹಿಂದೆ. ನಮ್ಮ ಮನೆಯಿಂದ ಎರಡು ಓಣಿ ಆಚೆ ರಾಜಾರಾಮ ಸರ್ ಅಂತ ನಿವೃತ್ತ ಡ್ರಾಯಿಂಗ್ ಮಾಸ್ತರರಿದ್ದಾರೆ. ಮಾಳಿಗೆಯ ಮೇಲಿನ ಕೋಣೆಯಲ್ಲಿ ನಾಲ್ಕೈದು ಮಂದಿಗೆ ಕಲಿಸುತ್ತಾರೆ. ಮಾವಿನಹಣ್ಣು, ಹಿತ್ತಾಳೆ ತಂಬಿಗೆ, ಪರದೆಯ ನಿರಿಗೆ ಎಲ್ಲ ನನಗೆ ಬೇಗನೆ ಕೈಗೆ ಬಂದವು. ಜೀವ ಇರುವುದನ್ನು ಮುಟ್ಟಿದರೆ ಮಾತ್ರ ಅದು ನನ್ನ ಕ್ಯಾನ್ವಾಸಿನ ಮೇಲೆ ಸತ್ತು ಬೀಳುತ್ತಿತ್ತು.

ಸರ್ ಒಂದು ದಿನ ನನ್ನ ನಾಯಿಯನ್ನು ಗೋಡೆಗೆ ತಿರುಗಿಸಿಟ್ಟರು.

"ನೀವು ಮೊಬೈಲದಾಗಿನ ಫೋಟೋ ನೋಡಿ ಬರೀತೀರಿ. ಫೋಟೋದಾಗ ಜೀವ ಎಲ್ಲಿಂದ ಬರಬೇಕು? ಹೋಗಿ ಒಂದು ದನದ ಮುಂದ ನಿಂದರ್ರಿ. ಒಂದ ಒಂದು ಪ್ರಾಣಿ ಉಸಿರಾಡೂಹಂಗ ಬರದು ತರ್ರಿ. ಆಗಲಿಲ್ಲಂದ್ರ ಮಾವಿನಹಣ್ಣು ಬರಕೋತ ಆರಾಮ ಇರ್ರಿ, ಅದಕ್ಕೇನು ಕಡಿಮಿ ಐತಿ?"

ಸಿಟ್ಟು ನೆತ್ತಿಗೇರಿತು. ಮಾವಿನಹಣ್ಣು ಬರೆದುಕೊಂಡು ಸಾಯುವವಳಲ್ಲ ನಾನು. ಒಂದಾದರೂ ಪ್ರಾಣಿಯನ್ನು ಜೀವಂತ ನಿಲ್ಲಿಸಿಯೇ ತೀರಬೇಕು ಅಂತ ಹಟ ಹಿಡಿದೆ.

ನಮ್ಮ ಶಾಲೆಯ ಗಣಿತದ ಮಾಸ್ತರ ಶಾಹಿದ ಬಬಲೇಶ್ವರದ ಹತ್ತಿರದ ಜೈನಾಪುರದವನು. ವಿಷಯ ಕೇಳಿ, "ನಮ್ಮ ಅಬ್ಬಾನ ಎತ್ತು ನೋಡ್ರಿ ಮೇಡಂ. ಖಿಲಾರಿ ತಳಿ. ಹತ್ತೂರಾಗ ಅಂಥಾದ್ದಿಲ್ಲ" ಅಂದ. ಮುಂದಿನ ಭಾನುವಾರವೇ ಹೊರಟೆ.

ಶಾಹಿದನ ತಂದೆ ಮಶಾಕಸಾಬರಿಗೆ ಎಪ್ಪತ್ತು ದಾಟಿತ್ತು. ಒಣಕಲು ದೇಹ, ತಲೆಗೆ ಬಿಳಿ ರುಮಾಲು, ಒಂದು ಕಣ್ಣಿಗೆ ಪೊರೆ ಬಂದಿತ್ತು. ಆದರೂ ಆ ಸೀಮೆಯಲ್ಲಿ ಎತ್ತು ಕೊಳ್ಳುವವರು, ಕರು ಸಾಕುವವರು ಮೊದಲು ಇವರ ಬಾಗಿಲಿಗೇ ಬರುತ್ತಿದ್ದರು. ಇವರು ಸುಳಿ ನೋಡುವವರು. ದನದ ಮೈಮೇಲೆ ಕೂದಲು ಅಲ್ಲಲ್ಲಿ ದುಂಡಗೆ ಸುತ್ತಿಕೊಂಡಿರುತ್ತದಲ್ಲ, ಅದೇ ಸುಳಿ. ಅದು ಎಲ್ಲಿದೆ ಅನ್ನುವುದರ ಮೇಲೆ ಆ ದನ ಮನೆಗೆ ಒಳ್ಳೆಯದೋ ಕೆಟ್ಟದ್ದೋ ಅಂತ ರೈತರ ಲೆಕ್ಕ. ಮಶಾಕಸಾಬರು ಕಣ್ಣು ಮುಚ್ಚಿ, ದನದ ಮೈಮೇಲೆ ಅಂಗೈ ಆಡಿಸಿ, ಎರಡರಲ್ಲಿ ಒಂದು ಮಾತು ಹೇಳುತ್ತಿದ್ದರು. "ಇಟ್ಕೋ." ಇಲ್ಲವೇ, "ಬ್ಯಾಡ." ಬ್ಯಾಡ ಅಂದ ದನವನ್ನು ಯಾರೂ ಮನೆಯಲ್ಲಿ ಇಟ್ಟುಕೊಳ್ಳುತ್ತಿರಲಿಲ್ಲ. ಇದಕ್ಕೆ ಅವರು ಯಾರಿಂದಲೂ ಒಂದು ಪೈಸೆ ಮುಟ್ಟಿದವರಲ್ಲ. ಕೊಟ್ಟರೆ ಒಂದು ಕಪ್ಪು ಚಹಾ.

ಎತ್ತಿನ ಹೆಸರು ಮೋತ್ಯಾ. ಒಂಬತ್ತು ವರ್ಷದ್ದು, ಅವರ ಮನೆಯಲ್ಲೇ ಹುಟ್ಟಿದ್ದು. ಉದ್ದ ಮುಖ, ಹಿಂದಕ್ಕೆ ಬಾಗಿ ಮೇಲೆದ್ದ ಕೊಂಬು, ಬಿಳಿ ಮೈ. ಬೆನ್ನಿನ ಮೇಲೊಂದು ಬಣ್ಣಬಣ್ಣದ ಬಟ್ಟೆತುಂಡು ಹೊಲಿದ ಕೌದಿ ಹೊದಿಸಿದ್ದರು. ಎತ್ತಿಗೆ ಕೌದಿ ಯಾಕೆ ಅಂತ ಶಾಹಿದನನ್ನು ಕೇಳಿದೆ. "ಅಬ್ಬಾನ ಅಕ್ಕರಿರಿ. ನಮಗೂ ಇಷ್ಟು ಹೊಚ್ಚಿಲ್ಲ" ಅಂದ. ಊರಿನವರೂ ಹಾಗೇ ತಿಳಿದಿದ್ದರು.

ಮೊದಲ ಭಾನುವಾರ ಇದ್ದಲಿನಲ್ಲಿ ಗೆರೆ ಹಾಕಿದ್ದಷ್ಟೇ. ಎರಡನೇ ಭಾನುವಾರ ಬಣ್ಣ ಕಲಸಿದೆ. ಬಿಳಿ ಎತ್ತು ಬಿಳಿ ಅಲ್ಲ ಅಂತ ಅವತ್ತು ತಿಳಿಯಿತು. ಹೊಟ್ಟೆಯ ಕೆಳಗೆ ನೆಲದ ಕೆಂಪು ಹತ್ತಿತ್ತು, ಪಕ್ಕೆಯ ನೆರಳಿನಲ್ಲಿ ನೀಲಿ ಇತ್ತು, ಕುತ್ತಿಗೆಯ ಹತ್ತಿರ ಬೂದಿ. ಗಾಂಧಿ ಚೌಕದಲ್ಲಿ ಕೊಂಡ ದೊಡ್ಡ ಬಿಳಿ ಟ್ಯೂಬು ಹಾಗೇ ಉಳಿಯಿತು. ಮಶಾಕಸಾಬ ಕಾಕಾ ಹಿಂದೆ ಬಂದು ನಿಂತು, ಒಂದೇ ಕಣ್ಣಿನಲ್ಲಿ ನೋಡಿ, ತಲೆ ಅಲ್ಲಾಡಿಸಿದರು.

"ಈ ಕಾಲು ಎತ್ತಿನ ಭಾರ ಹೊರೂದಿಲ್ಲ ತಂಗಿ. ನೀ ಬರೇ ನೋಡಾಕತ್ತಿ. ಮೊದಲ ಕೈ ಹಚ್ಚು."

ನನಗೆ ಹೆದರಿಕೆ. ಅವರೇ ನನ್ನ ಅಂಗೈ ಹಿಡಿದು ಮೋತ್ಯಾನ ಕುತ್ತಿಗೆಯ ಮೇಲಿಟ್ಟರು.

"ಕೂದಲ ಎತ್ತಾಗ ಹೊಂಟಾವ ನೋಡು. ಕಾಲುವಿ ನೀರು ಹರಿದಂಗ ಹರೀತಾವ. ಇಲ್ಲಿ ಕೆಳಗ, ಇಲ್ಲಿ ಹಿಂದಕ್ಕ. ಕೈ ಹೋದಂಗ ನಿನ್ನ ಬ್ರಶ್ಶೂ ಹೋಗಬೇಕು."

ಎರಡು ವರ್ಷ ರಾಜಾರಾಮ ಸರ್ ಬಾಯಿ ನೋಯಿಸಿಕೊಂಡು ಹೇಳಿದ್ದು ಆ ಒಂದು ಗಳಿಗೆಯಲ್ಲಿ ತಲೆಗೆ ಹೋಯಿತು. ಅವತ್ತು ಮೋತ್ಯಾನ ಕುತ್ತಿಗೆ ನಿಜವಾಗಿ ಕುತ್ತಿಗೆಯಾಗಿ ಬಂತು. ಬಸ್ಸಿನಲ್ಲಿ ಒಬ್ಬಳೇ ನಗುತ್ತ ಬಂದೆ.

ಮೂರನೇ ಭಾನುವಾರ ನಾನು ಹೋದಾಗ ಕಾಕಾ ಇರಲಿಲ್ಲ. ಕಣ್ಣು ತೋರಿಸಲು ಶಾಹಿದ ವಿಜಯಪುರಕ್ಕೆ ಕರೆದುಕೊಂಡು ಹೋಗಿದ್ದ. ಅವರ ಹೆಂಡತಿ ಪೀರಾಂಬಿ ಚಾಚಿ ಇದ್ದರು. ಕೌದಿಯಿಂದ ಬೆನ್ನು ಕಾಣುವುದಿಲ್ಲ ಅಂತ ನಾನು ಗೊಣಗಿದೆ. "ತಗದ ಬಿಡೂಣು. ಒಗದರ ಒಂದು ತಿಂಗಳಾತು, ನಾರಾಕತ್ತೈತಿ" ಅಂತ ಚಾಚಿ ಕೌದಿ ಎಳೆದುಕೊಂಡು ಹೋಗಿ ನೀರಿಗೆ ಹಾಕಿಬಿಟ್ಟರು.

ನಾನು ಕಲಿತ ಹಾಗೆ ಕೈ ಹಚ್ಚಿದೆ. ಕುತ್ತಿಗೆಯಿಂದ ಮೇಲಕ್ಕೆ, ಹೆಗಲ ಮೇಲಿನ ಡುಬ್ಬ ಹತ್ತಿ ಇಳಿದು, ಬೆನ್ನಿಗೆ. ಡುಬ್ಬದ ಹಿಂದೆ ನಾಲ್ಕು ಬೆರಳಿನಾಚೆ ಕೈ ನಿಂತಿತು. ಅಲ್ಲಿ ಕೂದಲು ಮುಂದಕ್ಕೂ ಹೋಗುತ್ತಿರಲಿಲ್ಲ, ಹಿಂದಕ್ಕೂ ಹೋಗುತ್ತಿರಲಿಲ್ಲ. ಎಂಟಾಣೆಯಷ್ಟು ಜಾಗದಲ್ಲಿ ದುಂಡಗೆ ತಿರುಗಿ ನಿಂತಿದ್ದವು. ಎಷ್ಟು ಚೆಂದ ಇತ್ತು ಅಂದರೆ, ಸಣ್ಣ ಹಲಗೆಯ ಮೇಲೆ ಅದೊಂದನ್ನೇ ಮೂರು ಸಲ ಬರೆದೆ.

ಮಧ್ಯಾಹ್ನ ಕಾಕಾ ಬಂದರು. ಎತ್ತಿನ ಬರಿ ಬೆನ್ನು ನೋಡಿದರು, ನನ್ನ ಹಲಗೆ ನೋಡಿದರು. ಒಳಗಿನಿಂದ ಒಂದು ಚಾದರ ತಂದು ಮೋತ್ಯಾನಿಗೆ ಹೊದಿಸಿದರು. ಶಾಹಿದ ಒಳಗೆ ಊಟಕ್ಕೆ ಕೂತ ಮೇಲೆ ನನ್ನ ಹತ್ತಿರ ಬಂದು ಕೂತರು.

"ಅದನ್ನ ಬರಿಬ್ಯಾಡ ತಂಗಿ."

"ಯಾವುದು ಕಾಕಾ?"

"ನಿನ್ನ ಕೈಗೆ ಸಿಕ್ಕೈತಲ್ಲ, ಅದು. ಅಲ್ಲಿ ಸುಳಿ ಇದ್ದದ್ದು ಯಜಮಾನಗ ಆಗಿ ಬರೂದಿಲ್ಲ ಅಂತಾರ. ಯಜಮಾನ ಸಾಯ್ತಾನ ಅಂತ."

ನಾನು ನಕ್ಕೆ. ಅವರು ನಗಲಿಲ್ಲ.

"ಇದು ಎಂಟು ತಿಂಗಳದ್ದಿದ್ದಾಗ ನನ್ನ ಕೈಗೆ ಗೊತ್ತಾತು. ಮಾರಬೇಕಂದ್ರ ಕೊಳ್ಳಾವಗ ಹೇಳಬೇಕು. ಹೇಳಿದ್ರ ರೈತ ಯಾರೂ ಒಯ್ಯೂದಿಲ್ಲ, ಒಯ್ಯಾವ್ರು ಯಾರು ಅಂತ ನಿನಗ ಗೊತ್ತು. ನನ್ನ ಕೈಲೆ ಆಗಲಿಲ್ಲ. ಹೊಲಕ್ಕ ಹೊಡಕೊಂಡು ಹೋಗುವಾಗ ಅರಿಷಿಣ ಎಣ್ಣಿ ಬಡದು ಕೂದಲ ಮಲಗಿಸ್ತಿದ್ದೆ, ಹುಣ್ಣಾಗೇತಿ ಅಂತ ಹೇಳ್ತಿದ್ದೆ. ಈಗ ಕೌದಿ. ಶಾಹಿದಗೂ ಗೊತ್ತಿಲ್ಲ."

"ಗೊತ್ತಾದ್ರ ಏನಾಗ್ತೈತಿ ಕಾಕಾ? ನಿಮ್ಮ ಎತ್ತು, ನಿಮ್ಮ ಮನಿ."

"ನಲವತ್ತ ವರ್ಷ ಮಂದಿಗೆ ಬ್ಯಾಡ ಅಂದು, ಅದನ್ನ ತನ್ನ ಮನಿಯಾಗ ಕಟ್ಕೊಂಡು ಕುಂತಾನ ಅಂತಾರ. ನನ್ನ ಮಾತಿಗೆ ಏನು ಉಳೀತು? ನನ್ನ ಹಂತೇಕ ಇರೂದು ಅದೊಂದ."

"ಬರಿಯೂದಿಲ್ಲ ಕಾಕಾ" ಅಂತ ಮಾತು ಕೊಟ್ಟೆ. ಮನಸ್ಸಿನಿಂದಲೇ ಕೊಟ್ಟೆ.

ಮಾತು ಕೊಡುವುದು ಸುಲಭ, ಎತ್ತು ಬರೆಯುವುದು ಸುಲಭ ಅಲ್ಲ. ಮನೆಯಲ್ಲಿ ದೊಡ್ಡ ಕ್ಯಾನ್ವಾಸ್ ಹಿಡಿದು ಕೂತೆ. ಕುತ್ತಿಗೆ ಬಂತು, ಕಾಲು ಬಂದವು, ಕಣ್ಣೂ ಬಂತು. ಡುಬ್ಬದ ಹಿಂದೆ ಬಂದರೆ ಎಲ್ಲ ಕೆಡುತ್ತಿತ್ತು. ಮುಂದಿನಿಂದ ಬಂದ ಕೂದಲು, ಹಿಂದಿನಿಂದ ಬಂದ ಕೂದಲು ಎಲ್ಲಿಯಾದರೂ ಸೇರಬೇಕಲ್ಲ? ಸುಳಿ ಬಿಟ್ಟು ಸೇರಿಸಿದರೆ ಬೆನ್ನು ಗೋಣಿಚೀಲ ಆಗುತ್ತಿತ್ತು. ಚಾಕುವಿನಿಂದ ಕೆರೆದು ತೆಗೆದೆ, ಮತ್ತೆ ಹಚ್ಚಿದೆ, ಮತ್ತೆ ಕೆರೆದೆ. ಕೊನೆಗೆ ಕೌದಿಯನ್ನೇ ಬರೆದು ಮುಚ್ಚಿದೆ. ರಾಜಾರಾಮ ಸರ್ ನೋಡಿ, "ಕೌದಿ ಭಾರಿ ಆಗೈತ್ರಿ. ಅದರ ಕೆಳಗ ಏನು ಇಟ್ಟೀರಿ, ಟೇಬಲ್ಲೋ?" ಅಂದರು. ಅದನ್ನೂ ಕೆರೆದೆ.

ಹೀಗೆ ನಾಲ್ಕು ವಾರ ಹೋದವು. ಊಟ ರುಚಿಸಲಿಲ್ಲ. ಆಫೀಸಿನಲ್ಲಿ ಸುಮ್ಮನೆ ಎಲ್ಲರ ಮೇಲೆ ರೇಗುತ್ತಿದ್ದೆ. ಒಂದು ಬುಧವಾರ ಬೆಳಿಗ್ಗೆ ಬಸ್ಸಿಗೆ ಇನ್ನೂ ಅರ್ಧ ತಾಸು ಇತ್ತು. ನನ್ನ ಮನೆಯಲ್ಲಿ ಇರುವ ಚಿತ್ರವನ್ನು ಜೈನಾಪುರದವರು ಯಾರು ಬಂದು ನೋಡುತ್ತಾರೆ ಅನ್ನಿಸಿತು. ಸಣ್ಣ ಬ್ರಶ್ಶು ತೆಗೆದುಕೊಂಡು, ಕೈಗೆ ನೆನಪಿದ್ದ ಹಾಗೆ, ಆ ಸುಳಿ ಹಾಕಿದೆ. ಹತ್ತು ನಿಮಿಷವೂ ಹಿಡಿಯಲಿಲ್ಲ. ಎರಡು ಹೆಜ್ಜೆ ಹಿಂದೆ ಸರಿದು ನೋಡಿದೆ. ಮೋತ್ಯಾ ನಿಂತಿದ್ದ. ಚರ್ಮದ ಕೆಳಗೆ ಎಲುಬಿತ್ತು, ಎಲುಬಿನ ಒಳಗೆ ಉಸಿರಿತ್ತು. ನನಗೆ ಅಳು ಬಂತು. ಅವ್ವ ಅಡುಗೆಮನೆಯಿಂದ ಬಂದವಳು ಬಾಗಿಲಲ್ಲೇ ನಿಂತು, "ಯವ್ವಾ, ಇದು ಕೊಂಬಿಲೆ ಹಾಯೂದಿಲ್ಲ ಹೌದಲ್ಲ?" ಅಂದಳು. ಜೀವಮಾನದಲ್ಲಿ ನನಗೆ ಯಾರೂ ಅಷ್ಟು ದೊಡ್ಡ ಮಾತು ಹೇಳಿರಲಿಲ್ಲ.

ಅಲ್ಲಿಗೆ ಸುಮ್ಮನಿದ್ದರೆ ಆಗುತ್ತಿತ್ತು. ಸುಮ್ಮನಿರುವ ಬುದ್ಧಿ ನನಗೆಲ್ಲಿಂದ ಬರಬೇಕು? ಬಸ್ಸಿನಲ್ಲಿ ಕೂತು ಆ ಚಿತ್ರದ ಫೋಟೋವನ್ನು ವಾಟ್ಸಾಪ್ ಸ್ಟೇಟಸ್ಸಿಗೆ ಹಾಕಿದೆ. ಅಂಗೈಯಷ್ಟು ಫೋಟೋದಲ್ಲಿ ಎಂಟಾಣೆಯಷ್ಟು ಸುಳಿ ಯಾರಿಗೆ ಕಾಣುತ್ತದೆ ಅಂದುಕೊಂಡೆ. ನಾನು ಪೇಟೆಯವಳು, ನನ್ನ ಲೆಕ್ಕ ಪೇಟೆಯದು.

ಶಾಹಿದ ಅದನ್ನು ನೋಡಿದ. ಹಿಗ್ಗಿನಿಂದ ತೆಗೆದು ಜೈನಾಪುರದ ಗ್ರೂಪಿಗೆ ಹಾಕಿದ. "ನಮ್ಮ ಮೋತ್ಯಾ, ನಮ್ಮ ಮೇಡಂ ಕೈಯಿಂದ" ಅಂತ ಕೆಳಗೆ ಬರೆದಿದ್ದ. ಸಂಜೆ ಶಾಲೆ ಬಿಡುವ ಹೊತ್ತಿಗೆ ನನ್ನ ಟೇಬಲ್ಲಿನ ಹತ್ತಿರ ಬಂದು ನಿಂತ. ಮುಖ ಬಾಡಿತ್ತು.

"ಮೇಡಂ, ಮೋತ್ಯಾನ ಬೆನ್ನ ಮ್ಯಾಲ ಅದೇನೋ ಐತಿ ಅಂತ ಮಂದಿ ಕೇಳಾಕತ್ತಾರ. ಅಬ್ಬಾಗ ಫೋನ್ ಹಚ್ಚಿ ಕೇಳಿದ್ರ ಮಾತಾಡವಲ್ರು."

ಮೊಬೈಲು ಇಸಿದುಕೊಂಡು ನೋಡಿದೆ. ಪಕ್ಕೆಯ ನೆರಳಿನಲ್ಲಿ ನಾನು ಮೂರು ವಾರ ಒದ್ದಾಡಿ ತಂದ ನೀಲಿಯ ಬಗ್ಗೆ ಒಬ್ಬನೂ ಒಂದಕ್ಷರ ಬರೆದಿರಲಿಲ್ಲ. ಇಡೀ ಊರು ಎರಡು ಬೆರಳಿನಿಂದ ಫೋಟೋ ಹಿಗ್ಗಿಸಿ ಡುಬ್ಬದ ಹಿಂದೆ ನೋಡಿತ್ತು. ಒಬ್ಬ ಅದಕ್ಕೆ ಕೆಂಪು ಗುಂಡು ಸುತ್ತಿ ಮತ್ತೆ ಹಾಕಿದ್ದ. ಒಬ್ಬ ಮುದುಕನಿಗೆ ಮಾತು ಕೊಟ್ಟು, ನನ್ನ ಹೆಮ್ಮೆಗೋಸ್ಕರ ಅವನನ್ನು ಊರ ಮುಂದೆ ನಿಲ್ಲಿಸಿಬಿಟ್ಟಿದ್ದೆ.

ಆ ರಾತ್ರಿಯೇ ಚಿತ್ರ ಹಿಡಿದುಕೊಂಡು ರಾಜಾರಾಮ ಸರ್ ಹತ್ತಿರ ಹೋಗಿ ಎಲ್ಲ ಹೇಳಿದೆ. "ಅಳಿಸಿ, ಕೈ ತಪ್ಪಿತ್ತು ಅಂತ ಹೇಳಿಬಿಡ್ಲಾ ಸರ್?" ಅಂದೆ. ಅವರು ಚಿತ್ರವನ್ನು ದೀಪದ ಕೆಳಗೆ ಹಿಡಿದು ನೋಡಿದರು. "ನಿಮ್ಮ ಕೈಯಿಂದ ಇಂಥಾದ್ದು ಇನ್ನೊಮ್ಮೆ ಬರತೈತೋ ಇಲ್ಲೋ ನನಗ ಗೊತ್ತಿಲ್ಲ. ಆದ್ರ ಮಾತು ಕೊಟ್ಟಾವ್ರು ನೀವು" ಅಂದರು.

ಭಾನುವಾರ ಚಿತ್ರವನ್ನು ಹಸಿ ಬಣ್ಣಕ್ಕೆ ಏನೂ ತಾಗದ ಹಾಗೆ ರಟ್ಟಿನ ನಡುವೆ ಕಟ್ಟಿಕೊಂಡು ಹೊರಟೆ. ಎಣ್ಣೆಬಣ್ಣ ನಾಲ್ಕು ದಿನಕ್ಕೆ ಆರುವುದಿಲ್ಲ, ಅದೇ ನನ್ನ ಧೈರ್ಯ. ಚೀಲದಲ್ಲಿ ಒಂದು ಅರಿವೆ, ಒಂದು ಸಣ್ಣ ಬಾಟಲಿ ಟರ್ಪಂಟೈನ್ ಇಟ್ಟುಕೊಂಡಿದ್ದೆ.

ಕಾಕಾ ಕಟ್ಟೆಯ ಮೇಲೆ ಕೂತಿದ್ದರು. ಮೋತ್ಯಾ ಕೌದಿ ಹೊದ್ದು ಮೇವು ತಿನ್ನುತ್ತಿದ್ದ. ಎದುರಿಗೆ ಐವತ್ತರ ಆಸುಪಾಸಿನ ಒಬ್ಬ ರೈತ, ಟೊಪ್ಪಿಗೆ ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಹೆಸರು ಬಸಗೊಂಡಪ್ಪ, ಆಚೆ ಊರಿನವನು, ಫೋಟೋ ಅವನಿಗೂ ಮುಟ್ಟಿದೆ ಅಂತ ಚಾಚಿ ಹೇಳಿದರು. ಬೆಳಿಗ್ಗೆಯೇ ಬಂದಿದ್ದನಂತೆ. ಕಾಕಾನ ಎತ್ತಿನ ಕೌದಿಗೆ ತಾನಾಗಿ ಕೈ ಹಾಕುವಷ್ಟು ಸಲಿಗೆ ಅವನಿಗಿರಲಿಲ್ಲ, ಕೇಳುವ ಬಾಯಿಯೂ ಇರಲಿಲ್ಲ. ನನ್ನನ್ನು ನೋಡಿದ ಕೂಡಲೇ ಎದ್ದು ನಿಂತ.

"ಅಕ್ಕಾರ, ಚಿತ್ರ ಬರದಾವ್ರು ನೀವ ಏನ್ರಿ? ಒಂದ ಮಾತು ಕೇಳ್ತೇನಿ, ಖರೆ ಹೇಳ್ರಿ. ಅದು ನೀವು ಕಂಡದ್ದೋ, ಕೈ ತಪ್ಪಿದ್ದೋ?"

ಕಾಕಾ ನನ್ನನ್ನು ನೋಡಲಿಲ್ಲ.

"ಕೈ ತಪ್ಪಿದ್ದು" ಅಂದೆ. "ನಾ ಇನ್ನೂ ಕಲಿಯಾಕತ್ತೇನ್ರಿ. ಹಸಿ ಬಣ್ಣದಾಗ ಬ್ರಶ್ಶು ಜಾರಿ ತಿರುಗಿಬಿಡ್ತು. ನೋಡ್ರಿ, ಈಗ ತಗದಬಿಡ್ತೇನಿ."

ಅರಿವೆಗೆ ಟರ್ಪಂಟೈನ್ ಸುರಿದು, ಡುಬ್ಬದ ಹಿಂದೆ ಇಟ್ಟು ಒರೆಸಿದೆ. ಸುಳಿ ಬೂದಿ ಕೆಸರಾಗಿ ಅರಿವೆಗೆ ಬಂತು. ಮೋತ್ಯಾನ ಬೆನ್ನು ಒಂದು ಗಳಿಗೆಯಲ್ಲಿ ಹಳೆಯ ಗೋಣಿಚೀಲ ಆಯಿತು. ಮುಖ ಗಟ್ಟಿ ಮಾಡಿಕೊಂಡು ನಿಂತೆ.

ಬಸಗೊಂಡಪ್ಪ ದೊಡ್ಡದೊಂದು ಉಸಿರು ಬಿಟ್ಟು ಕೂತ. ಕಣ್ಣು ಒದ್ದೆಯಾಗಿದ್ದವು.

"ನಾನೂ ಅದ ಅಂದೆ ನಮ್ಮಾಕಿಗೆ. ಕಾಕಾ ಹಂಗ ಮಾಡಾಂವ ಅಲ್ಲ ಅಂತ. ನಾಕ ದಿನ ಆತು ನೋಡ್ರಿ ಅಕ್ಕಾರ, ಮನಿಯಾಗ ಒಲಿ ಸರಿಯಾಗಿ ಹೊತ್ತಿಲ್ಲ. ನಮ್ಮದೊಂದು ಹೋರಿಗರು ಇತ್ತು, ಮೂರ ವರ್ಷದ ಹಿಂದ. ಹಡದ ಆಕಳ ಸತ್ತು ಹೋತು. ನಮ್ಮ ತಿಪ್ಪವ್ವ ಬಾಟಲಿಲೆ ಹಾಲು ಕುಡಿಸಿ ಬೆಳಿಸಿದ್ಲು. ಆಕಿ ಹಿಂದ ಹಿಂದ ಅಡಗಿಮನಿತನಕ ಬರತಿತ್ತು. ಹೆಸರು ಇನ್ನೂ ಇಟ್ಟಿದ್ದಿಲ್ಲ, ಕಾಕಾನ ಕಡೆ ಸುಳಿ ನೋಡಿಸಿ ಇಡೂಣು ಅಂತ ಬಿಟ್ಟಿದ್ವಿ. ಕಾಕಾ ಕೈ ಆಡಿಸಿ ಬ್ಯಾಡ ಅಂದ್ರು. ಇಲ್ಲೇ ಇತ್ತು ನೋಡ್ರಿ ಅದಕ್ಕೂ, ನೀವು ಈಗ ಒರಿಸಿದ್ರಲ್ಲ, ಬರೋಬ್ಬರಿ ಅಲ್ಲೇ. ಮರುದಿನ ದಲಾಲಿ ಬಂದು ಗಾಡಿಯೊಳಗ ಹಾಕ್ಕೊಂಡು ಹೋದ. ಗಾಡಿ ಊರು ದಾಟೂತನಕ ಒದರತಿತ್ತು. ತಿಪ್ಪವ್ವ ಒಂದು ತಿಂಗಳ ನನ್ನ ಜೋಡಿ ಮಾತಾಡಲಿಲ್ಲ. ಗಂಡನ ಜೀವಕ್ಕ ಬಂದೈತಿ ಅಂತ ತಿಳಕೊಂಡು ಆಮ್ಯಾಲ ಸುಮ್ಮನಾದ್ಲು. ಈ ಫೋಟೋ ನೋಡಿದ ಮ್ಯಾಲ ಮತ್ತ ಅಳಾಕ ಹತ್ಯಾಳ. ಆತು ಬಿಡ್ರಿ, ಕೈ ತಪ್ಪಿದ್ದಂತ ಹೋಗಿ ಹೇಳ್ತೇನಿ."

ಅವನು ಟೊಪ್ಪಿಗೆ ತಲೆಗಿಟ್ಟುಕೊಂಡ. ನಾನು ಹೇಳಿದ ಸುಳ್ಳನ್ನು ಅವನು ಪ್ರಸಾದದ ಹಾಗೆ ಕಟ್ಟಿಕೊಂಡು ಹೊರಟಿದ್ದ. ಎಲ್ಲ ಸರಿಹೋಯಿತು ಅಂತ ನಾನೂ ಅಂದುಕೊಂಡೆ.

"ಬಸಗೊಂಡಾ, ನಿಂದ್ರು" ಅಂದರು ಮಶಾಕಸಾಬ ಕಾಕಾ.

ಗೋಡೆ ಹಿಡಿದು ಎದ್ದರು. ಮೋತ್ಯಾನ ಹತ್ತಿರ ಹೋಗಿ ಕೌದಿಯನ್ನು ಎರಡೂ ಕೈಯಿಂದ ಎತ್ತಿ ನೆಲಕ್ಕೆ ಹಾಕಿದರು. ಚಾಚಿ "ಏ, ಏನ ಮಾಡಾಕತ್ತೀರಿ" ಅಂದರು. ಅವರು ಕೇಳಿಸಿಕೊಳ್ಳಲಿಲ್ಲ.

"ಈಕಿ ಕೈ ತಪ್ಪಿಲ್ಲ. ನನ್ನ ಸಲುವಾಗಿ ಸುಳ್ಳ ಹೇಳ್ಯಾಳ. ಬಾ, ಕೈ ಹಚ್ಚು."

ಬಸಗೊಂಡಪ್ಪ ಬರಲಿಲ್ಲ. ಕಾಕಾ ತಾವೇ ಹೋಗಿ, ಅವನ ಮುಂಗೈ ಹಿಡಿದು ಕರೆತಂದು, ಡುಬ್ಬದ ಹಿಂದೆ ಇಟ್ಟರು. ಅವನ ಬೆರಳು ಸುಳಿಯ ಮೇಲೆ ದುಂಡಗೆ ಒಂದು ಸಲ ತಿರುಗಿದವು. ಮತ್ತೊಂದು ಸಲ ತಿರುಗಿದವು. ಮೋತ್ಯಾ ಮೇವು ಬಿಟ್ಟು ಅವನ ಕಡೆ ಮುಖ ತಿರುಗಿಸಿದ.

"ಒಂಬತ್ತ ವರ್ಷ ಆತೇನು ಇದಕ್ಕ?" ಅಂತ ಬಸಗೊಂಡಪ್ಪ ಕೇಳಿದ.

"ಹೂಂ."

"ಮತ್ತ ನೀ ಗಟ್ಟಿಮುಟ್ಟ ಅದಿ."

"ಅದೀನಿ."

"ಹಂಗಾದ್ರ ನನಗ್ಯಾಕ ಬ್ಯಾಡ ಅಂದಿ ಕಾಕಾ?"

ಕಾಕಾ ಮೋತ್ಯಾನ ಕೊರಳಿನ ಮೇಲೆ ಕೈ ಇಟ್ಟರು. "ಖರೆ ಐತೋ ಸುಳ್ಳ ಐತೋ ನನಗೂ ಗೊತ್ತಿಲ್ಲಪ್ಪ. ಇವತ್ತಿಗೂ ಗೊತ್ತಿಲ್ಲ. ನನ್ನ ಜೀವ, ನಾ ಪಣಕ್ಕ ಇಟ್ಟೆ. ನಿನಗ ಇಟ್ಕೋ ಅಂತ ಹೇಳಿ, ನಾಳೆ ನಿನಗ ಏನರ ಆಗಿದ್ರ? ತಿಪ್ಪವ್ವಗ ಏನ ಮುಖ ತೋರಿಸ್ಲಿ? ನಿನ್ನ ಜೀವ ನಾ ಹೆಂಗ ಪಣಕ್ಕ ಇಡ್ಲಿ?"

ಬಸಗೊಂಡಪ್ಪ ಸುಳಿಯ ಮೇಲಿನಿಂದ ಕೈ ತೆಗೆಯಲಿಲ್ಲ. ಸಿಟ್ಟಾಗುತ್ತಾನೆ, ಬೈಯುತ್ತಾನೆ ಅಂತ ನಾನು ಹೆದರಿ ನಿಂತಿದ್ದೆ. ಅವನು ಬಹಳ ಮೆಲ್ಲಗೆ ಹೇಳಿದ.

"ಒಂದ ಮಾತ ಕೇಳಬೇಕಿತ್ತು ಕಾಕಾ. ನಾನೂ ಇಡ್ತಿದ್ದೆ."

ಮಶಾಕಸಾಬ ಕಾಕಾ ರುಮಾಲು ತೆಗೆದು ಮುಖ ಒರೆಸಿಕೊಂಡರು.

"ಕೇಳಬೇಕಿತ್ತು" ಅಂದರು.